ಎರಡರ ಮುಂದಿನ ಒಂಬತ್ತು ಗೀಟು

ಹೋದ ಗುರುವಾರ ನಾನು ಒಬ್ಬ ಕಳ್ಳನನ್ನು ಹಿಡಿದುಕೊಟ್ಟೆ.

ಹಿಡಿದದ್ದು ಕೈಯಿಂದಲ್ಲ, ಕಣ್ಣಿನಿಂದ. ಬೆಳಿಗ್ಗೆ ಹತ್ತರ ಸುಮಾರಿಗೆ ಸಿರುಗುಪ್ಪದ ಬಸ್ಸಿಳಿದು ಬಳ್ಳಾರಿಯ ನಮ್ಮ ಔಷಧಿ ಅಂಗಡಿಗೆ ಬಂದ ಮನುಷ್ಯ ಕೌಂಟರಿನ ಮೇಲೆ ಒಂದು ಡಾಕ್ಟರ ಚೀಟಿ ಇಟ್ಟ. ನಾನು ಓದಿದೆ. ಒಂದು ತಾಸಿನೊಳಗೆ ಆತ ಪೊಲೀಸ್ ಠಾಣೆಯ ಬೆಂಚಿನ ಮೇಲಿದ್ದ.

ಓದಿದ ಮಾತ್ರಕ್ಕೆ ಹೇಗೆ ಗೊತ್ತಾಯಿತು ಅಂತೀರಾ? ಅದಕ್ಕೆ ಡಾಕ್ಟರ ಚೀಟಿಯ ವಿಷಯ ಎರಡು ಮಾತು ಹೇಳಬೇಕು.

ಬಾಟಲಿ ಔಷಧಿ ಬರೆಯುವಾಗ ಎಷ್ಟು ಔನ್ಸ್ ಕೊಡಬೇಕು ಅನ್ನುವುದನ್ನು ಡಾಕ್ಟರುಗಳು ನಮ್ಮ ನಿಮ್ಮ ಅಂಕಿಯಲ್ಲಿ ಬರೆಯುವುದಿಲ್ಲ. ಬಾಲ ತಿರುಚಿದ ಮೂರರ ಹಾಗೆ ಒಂದು ಗುರುತು ಹಾಕುತ್ತಾರೆ. ಔನ್ಸ್ ಅಂದರೆ ಅದು. ಅದರ ಮುಂದೆ ನೆಟ್ಟಗೆ ಗೀಟು. ಒಂದು ಗೀಟಿಗೆ ಒಂದು ಔನ್ಸ್, ಎರಡಕ್ಕೆ ಎರಡು. ಅವುಗಳ ತಲೆಯ ಮೇಲೆ ಒಂದು ಅಡ್ಡಗೆರೆ. (ರೋಮ್ ದೇಶದವರ ಲೆಕ್ಕವಂತೆ. ಅವರ ರಾಜ್ಯ ಮುಳುಗಿ ಎಷ್ಟು ಕಾಲವಾಯಿತೋ, ಸಿರುಗುಪ್ಪದಲ್ಲಿ ಇನ್ನೂ ನಡೆದಿದೆ.)

ಈ ಚೀಟಿಯಲ್ಲಿ ನೀಲಿ ಮಸಿಯ ಎರಡು ಗೀಟಿದ್ದವು. ಅವುಗಳ ಮುಂದೆ, ಅದೇ ಸಾಲಿನಲ್ಲಿ, ಕಪ್ಪನೆಯ ಇನ್ನೂ ಒಂಬತ್ತು ಗೀಟು. ಕೆಲವು ದಪ್ಪ, ಕೆಲವು ಸಣ್ಣ, ಒಂದೆರಡು ಸೊಟ್ಟ. ಎರಡು ಔನ್ಸ್ ಹೋಗಿ ಹನ್ನೊಂದು ಔನ್ಸ್ ಆಗಿತ್ತು.

ರೋಮನ್ ಲೆಕ್ಕ ಬಲ್ಲವರು ಹನ್ನೊಂದಕ್ಕೆ ಹನ್ನೊಂದು ಗೀಟು ಎಳೆಯುವುದಿಲ್ಲ. ಐದಕ್ಕೊಂದು, ಹತ್ತಕ್ಕೊಂದು ಬೇರೆ ಗುರುತೇ ಇದೆ. ಹಾಗಾದರೆ ಇದು ಯಾರ ಕೆಲಸ? ಅರ್ಧ ವಿದ್ಯೆಯ ಕಳ್ಳನದು. ಮಸಿ ತರುವಷ್ಟು ತಾಳ್ಮೆಯೂ ಇಲ್ಲದವನು, ಮನೆಯ ಕಾಡಿಗೆಯಲ್ಲೇ ಕೆಲಸ ಮುಗಿಸಿದ್ದ. ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಸಂತೋಷವಾಯಿತು. ಕುರುಗೋಡಿನ ನಮ್ಮ ಓಣಿಯಲ್ಲಿ ಕಾಲೇಜು ಕಂಡವನು ನಾನೇ ಮೊದಲು. ನಮ್ಮಪ್ಪ ಹತ್ತಿ ಜಿನ್ನಿನಲ್ಲಿ ಅಂಡಿಗೆ ಮೂಟೆ ಹೊತ್ತು ನನ್ನನ್ನು ಬಿ.ಎಸ್ಸಿ. ಮಾಡಿಸಿದ. ಅಷ್ಟು ಕಷ್ಟಪಟ್ಟು ಕಲಿತದ್ದು ಒಂದು ಕಳ್ಳತನವನ್ನಾದರೂ ಹಿಡಿಯಬೇಡವೇ?

ಔಷಧಿಯೂ ಅಂಥದ್ದೇ. ಮೂರ್ಛೆ ತಡೆಯುವಂಥದ್ದು, ನಿದ್ದೆ ತರಿಸುವಂಥದ್ದು, ಅದನ್ನು ಕರಗಿಸಿದ್ದು ಸ್ಪಿರಿಟ್ಟಿನಲ್ಲಿ. ಪಾನನಿಷೇಧ ಬಂದಾಗಿನಿಂದ ನಮ್ಮ ಜಿಲ್ಲೆಯಲ್ಲಿ ಸ್ಪಿರಿಟ್ ಇರುವ ಬಾಟಲಿಗೆ ಎಂಥ ಮರ್ಯಾದೆ ಬಂದಿದೆ ಅಂತ ನಿಮಗೆ ಗೊತ್ತೇ ಇದೆ. ಜನ್ಮದಲ್ಲಿ ಹೊಟ್ಟೆನೋವು ಕಾಣದವರು ಶುಂಠಿ ಟಿಂಕ್ಚರ್ ಕೇಳಿಕೊಂಡು ಬರುತ್ತಾರೆ. (ಬಂದವರ ಹೆಸರು ಬರೆದರೆ ಈ ಅಂಕಣದ ಅರ್ಧ ಓದುಗರನ್ನು ಕಳೆದುಕೊಳ್ಳುತ್ತೇನೆ.)

ಅದಕ್ಕೇ ಎರಡು ತಿಂಗಳ ಹಿಂದೆ ಔಷಧಿ ಅಂಗಡಿಗಳಿಗೆಲ್ಲ ಮೇಲಿನ ಕಚೇರಿಯಿಂದ ಒಂದು ಸರ್ಕ್ಯುಲರ್ ಬಂತು. ಚೀಟಿ ತಿದ್ದಿದ ಅನುಮಾನ ಬಂದರೆ ಔಷಧಿ ಕೊಡಬೇಡಿ, ಚೀಟಿ ಹಿಡಿದಿಡಿ, ಠಾಣೆಗೆ ಬರೆದು ತಿಳಿಸಿ. ಮೂರೇ ಮಾತು. ಕೌಂಟರಿನ ಹಿಂದಿನ ಗೋಡೆಗೆ ಅದನ್ನು ಗೋಂದು ಹಚ್ಚಿ ಅಂಟಿಸಿದವನು ನಾನೇ.

ಬೇಡದ ಕಾಯ್ದೆ ಅನ್ನಬೇಡಿ. ಹೋದ ವರ್ಷ ಒಬ್ಬಾತ ವಾರಕ್ಕೆರಡು ಸಲ ಟಿಂಕ್ಚರ್ ಚೀಟಿ ತರುತ್ತಿದ್ದ. ಚೀಟಿಯ ಮೇಲೆ ಹೆಸರಿದ್ದ ಡಾಕ್ಟರು ತೀರಿಕೊಂಡು ಆಗಲೇ ವರ್ಷವಾಗಿತ್ತು. ತೀರಿಕೊಂಡ ಮೇಲೂ ಅವರು ವಾರಕ್ಕೆರಡು ಚೀಟಿ ಬರೆಯುತ್ತಿದ್ದರು! ನಮಗೆ ಗೊತ್ತಿತ್ತು. ಪಕ್ಕದ ಅಂಗಡಿಯವರಿಗೂ ಗೊತ್ತಿತ್ತು. ನಾವು ಮಾಡಿದ್ದೇನು? ‘ಸ್ಟಾಕ್ ಇಲ್ಲ, ಮುಂದ ಹೋಗು’ ಅಂದೆವು. ಮುಂದಿನವರೂ ಅದನ್ನೇ ಅಂದರು. ಯಾರೋ ಒಬ್ಬರು ಕೊಟ್ಟರು. ಆತ ಹೊಟ್ಟೆ ಊದಿ ಸತ್ತ. ಎಳೆಯ ಹೆಂಡತಿ, ಮೂರು ಮಕ್ಕಳು. ನಮ್ಮಲ್ಲಿ ಒಬ್ಬರಾದರೂ ಒಂದು ಕಾಗದ ಬರೆದಿದ್ದರೆ ಆತ ಜೈಲು ಕಾಣುತ್ತಿದ್ದ. ಜೈಲಿನಿಂದ ಮನೆಗೂ ಬರುತ್ತಿದ್ದ.

ಆದ್ದರಿಂದ ನಾನು ಆ ಸರ್ಕ್ಯುಲರಿನ ಪರ. ಇವತ್ತಿಗೂ.

ಈಗ ಗುರುವಾರಕ್ಕೆ ಬರೋಣ.

ಬಂದಾತನ ಹೆಸರು ಹುಲುಗಪ್ಪ. ಸಿರುಗುಪ್ಪ ತಾಲ್ಲೂಕಿನ ಕರೂರಿನವನು, ಭತ್ತದ ಗದ್ದೆಗಳಲ್ಲಿ ಕೂಲಿ. ಕಣ್ಣು ಕೆಂಪಗಿದ್ದವು. ಅದನ್ನೂ ನಾನು ಗಮನಿಸಿದೆ. ಎಷ್ಟು ಔಷಧಿ ಬೇಕು ಅಂತ, ಬೇಕೆಂದೇ, ಸುಮ್ಮನೆ ಕೇಳಿದ ಹಾಗೆ ಕೇಳಿದೆ. ಅದರಾಗ ಬರದಷ್ಟು ಕೊಡ್ರಿ ಅಂದ.

“ಇದನ್ನೆಲ್ಲಾ ಡಾಕ್ಟರ ಬರದಾರೇನು?”

ಹುಲುಗಪ್ಪ ಸ್ವಲ್ಪ ನಾಚಿ ನಕ್ಕ. “ಸೊಲ್ಪ ನಮ್ಮಾಕಿ ಬರದಾಳ್ರಿ.”

“ನಿನ್ನ ಹೇಣ್ತಿಗೆ ಬರಿಯಾಕ ಬರತೈತೇನು?”

“ಎಲ್ಲಿದ್ರೀ. ಆಕಿ ಸಾಲಿ ಮಕಾನ ನೋಡಿಲ್ಲ.”

ನೀವೇ ಹೇಳಿ, ಇದಕ್ಕಿಂತ ಚೊಕ್ಕ ತಪ್ಪೊಪ್ಪಿಗೆ ಯಾವ ಕೋರ್ಟಿನಲ್ಲಿ ಸಿಗುತ್ತದೆ? ರಿಜಿಸ್ಟರ್ ತೆಗೆದು ನೋಡಿದೆ. ಹದಿನೈದು ದಿನದ ಹಿಂದೆ, ನಾನು ಊರಿಗೆ ಹೋಗಿದ್ದ ದಿನ, ಇದೇ ಚೀಟಿಗೆ ಎರಡು ಔನ್ಸ್ ಕೊಟ್ಟದ್ದು ನಮ್ಮ ಅಂಗಡಿಯ ಮಾಲೀಕರಾದ ಸಿದ್ಲಿಂಗಪ್ಪನವರ ಅಕ್ಷರದಲ್ಲಿತ್ತು. ಅವತ್ತು ಎರಡು, ಇವತ್ತು ಹನ್ನೊಂದು. ಸಾಕ್ಷಿಯೂ ಆಯಿತು.

ಸಿದ್ಲಿಂಗಪ್ಪನವರು ನನ್ನನ್ನು ಒಳಗೆ ಕರೆದರು. ಹೋದ ಸಲ ಹೆಂಡತಿ, ಕೂಸು ಜತೆಗಿದ್ದರು, ಪಾಪದವರ ಹಾಗೆ ಕಂಡರು, ಚೀಟಿ ವಾಪಸ್ ಕೊಟ್ಟು ಕಳಿಸಿಬಿಡಿ, ಠಾಣೆ ಗೀಣೆ ನಮಗ್ಯಾಕೆ ಅಂದರು. ಹೊಟ್ಟೆ ಊದಿ ಸತ್ತವನನ್ನು ನಾನು ನೆನಪಿಸಿದೆ. ಒಳ್ಳೆಯ ಮನುಷ್ಯರು, ಅದಕ್ಕೇ ಸುಮ್ಮನಾದರು.

ನಾನು ಕೂತು ರಿಪೋರ್ಟ್ ಬರೆದೆ. ಇಂಗ್ಲಿಷಿನಲ್ಲಿ, ಪೂರ್ತಿ ಒಂದು ಪುಟ. ರೋಮನ್ ಅಂಕಿಯ ವಿವರಣೆಗೇ ಅರ್ಧ ಪುಟ ಹೋಯಿತು. ಕೆಳಗೆ ಸಹಿ. ಸಹಿಯ ಪಕ್ಕದಲ್ಲಿ, ಬಿ.ಎಸ್ಸಿ. ಚೀಟಿಯನ್ನು ಅದಕ್ಕೆ ಟಾಚಣಿ ಚುಚ್ಚಿ ನಾನೇ ಒಯ್ದು ಕೊಟ್ಟೆ. ಠಾಣೆ ಇರುವುದು ನಾಲ್ಕು ಅಂಗಡಿ ಆಚೆಗೆ.

ಹೆಡ್ ಕಾನ್‌ಸ್ಟೇಬಲ್ಲರು ಬಂದರು. ಕರ್ನೂಲು ಕಡೆಯವರು, ವಯಸ್ಸಾದವರು. ಹುಲುಗಪ್ಪ ಆಗ ಒಂದೇ ಮಾತು ಕೇಳಿದ. “ನಮ್ಮಾಕಿ ಕೂಸಿನ್ನ ಕಟ್ಟಿಗೊಂಡು ಬಸ್ ಸ್ಟ್ಯಾಂಡಿನಾಗ ಕುಂತಾಳ್ರಿ. ಒಂದು ಮಾತು ಹೇಳಿ ಬರ್ತೀನಿ.”

“ರಾವಯ್ಯಾ, ಅಂದರೂ ಇದೇ ಮಾಟ ಚೆಪ್ತಾರು,” ಅಂದರು ಅವರು. ಬಾರಯ್ಯಾ, ಎಲ್ಲರೂ ಹೇಳುವುದು ಇದೇ ಮಾತು ಅಂತ. ನನಗೂ ಹಾಗೇ ಅನ್ನಿಸಿತ್ತು.

ಮಧ್ಯಾಹ್ನ ಒಂದೂವರೆ ದಾಟಿತ್ತು. ಅಂಗಡಿ ಬಾಗಿಲಿಗೆ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಹೆಗಲ ಮೇಲೆ ಐದು ವರ್ಷದ ಹುಡುಗಿ. ಹೊತ್ತು ತಿರುಗುವ ವಯಸ್ಸು ಮುಗಿದಿತ್ತು ಆ ಮಗುವಿಗೆ, ಕಾಲು ತಾಯಿಯ ಮೊಣಕಾಲಿನ ತನಕ ಜೋತಾಡುತ್ತಿದ್ದವು. ಮಗು ನಿದ್ದೆಯಲ್ಲಿತ್ತು. ತಾಯಿಯ ಭುಜದ ಸೆರಗು ಒದ್ದೆಯಾಗಿತ್ತು. ಸಿದ್ಲಿಂಗಪ್ಪನವರು ಗುರುತು ಹಿಡಿದರು: ಹೋದ ಸಲ ಬಂದಿದ್ದಾಕೆ ಈಕೆಯೇ. ಹೆಸರು ದುರುಗಮ್ಮ.

ಗಂಡ ಬೆಳಿಗ್ಗೆ ಹೋದವನು ತಿರುಗಿ ಬಂದಿಲ್ಲ, ಇಲ್ಲಿಗೆ ಬಂದಿದ್ದನೇನು ಅಂತ ಕೇಳಿದಳು. ನಾನು ಹೇಳಿದೆ. ಠಾಣೆಯಲ್ಲಿದ್ದಾನೆ, ಚೀಟಿ ತಿದ್ದಿದ್ದಕ್ಕೆ. ಈಗ ಅಳುತ್ತಾಳೆ, ಕಾಲಿಗೆ ಬೀಳುತ್ತಾಳೆ ಅಂದುಕೊಂಡು ಒಂದು ಹೆಜ್ಜೆ ಹಿಂದೆ ಸರಿದೆ. ಆಕೆ ಅಳಲಿಲ್ಲ.

“ಚೀಟಿ ಎಲ್ಲೈತ್ರಿ?”

ಅದೂ ಠಾಣೆಯಲ್ಲೇ ಇದೆ ಅಂದೆ.

“ಅದನ್ಯಾಕ ಕೊಟ್ರಿ? ಅದರಾಗ ಗೀಟು ಅದಾವ.”

“ಗೀಟು ಅದಾವಂತನ ಕೊಟ್ಟಿದ್ದವ್ವಾ,” ಅಂದೆ. ಮಾತಿಗೆ ಸ್ವಲ್ಪ ಹರಿತವೂ ಇತ್ತು.

ದುರುಗಮ್ಮ ಮಗುವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡಳು. “ಇನ್ನೊಂದು ಹಾಕಬೇಕಿತ್ರೀ. ಈಗ ಬಸ್ ಸ್ಟ್ಯಾಂಡಿನಾಗ ಬಂತು.”

ಏನು ಬಂತು ಅಂತ ಕೇಳಿದೆ. ಬೆಳಿಗ್ಗೆಯಿಂದ ನಾನು ಯಾರನ್ನಾದರೂ, ಗೊತ್ತಿಲ್ಲದವನಾಗಿ, ಕೇಳಿದ ಮೊದಲ ಪ್ರಶ್ನೆ ಅದು.

“ಮೂರ್ಛಿ.”

ಆಮೇಲೆ ಆಕೆ ಹೇಳಿದ್ದು ಇಷ್ಟು. ಸಿರುಗುಪ್ಪದ ಡಾಕ್ಟರು ಮಗುವನ್ನು ನೋಡಿ, ಬೆಳಿಗ್ಗೆಯಿಂದ ಎಷ್ಟು ಸಲ ಬಂತು ಅಂತ ಕೇಳಿದರು. ಎರಡು ಸಲ ಅಂದಳು. ಡಾಕ್ಟರು ಕಾಗದ ತೆಗೆದು ಬರೆದರು. ಏನೇನು ಬರೆದರೋ ಆಕೆಗೆ ಗೊತ್ತಿಲ್ಲ. ಕೊನೆಗೆ ಎರಡು ಗೀಟು ಎಳೆದದ್ದನ್ನು ಮಾತ್ರ ಕಣ್ಣಾರೆ ನೋಡಿದಳು. ಔಷಧಿ ಮುಗಿದರೆ ಇದೇ ಚೀಟಿ ತೋರಿಸಿ ಬಳ್ಳಾರಿಯಲ್ಲಿ ಮತ್ತೆ ತನ್ನಿ, ಇನ್ನು ಮುಂದೆ ಎಷ್ಟು ಸಲ ಬರುತ್ತದೆ ಅಂತ ಲೆಕ್ಕ ಇಟ್ಟುಕೊಂಡು ಬಂದು ಹೇಳಿ ಅಂದರು ಡಾಕ್ಟರು.

ಲೆಕ್ಕ ಎಲ್ಲಿಂದ ಶುರುವಾಗಿದೆ ಅಂತ ಆಕೆಗೆ ಗೊತ್ತಿತ್ತಲ್ಲ? ಡಾಕ್ಟರು ಎರಡು ಎಳೆದಿದ್ದಾರೆ. ಮೂರನೆಯದನ್ನು ಈಕೆ ಎಳೆದಳು. ಕಾಡಿಗೆಗೆ ಎಣ್ಣೆ ಹಾಕಿ ಕಲಸಿ, ಕಸಬರಿಗೆ ಕಡ್ಡಿಯ ತುದಿಯಲ್ಲಿ.

ಸಿದ್ಲಿಂಗಪ್ಪನವರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

ಕುರುಗೋಡಿನ ನಮ್ಮ ಮನೆಯಲ್ಲಿ ಒಲೆಯ ಪಕ್ಕದ ಗೋಡೆಯ ಮೇಲೆ ಇಂಥವೇ ಗೀಟು ಇರುತ್ತಿದ್ದವು. ನಾನು ಕಾಲೇಜಿಗೆ ಹೋದ ದಿನದಿಂದ ರಜೆಗೆ ಬರುವ ದಿನದ ತನಕ ನಮ್ಮವ್ವ ಇದ್ದಿಲಲ್ಲಿ ದಿನಕ್ಕೊಂದು ಎಳೆಯುತ್ತಿದ್ದಳು. ಬಂದ ಮೇಲೆ ಎಣಿಸಿ ತೋರಿಸುತ್ತಿದ್ದಳು. ಇದು ನಿನಗೆ ಜ್ವರ ಬಂದೈತಿ ಅಂತ ಕಾಗದ ಬಂದ ದಿನ, ಇದು ಪರೀಕ್ಷೆಯ ದಿನ ಅಂತ ಬೆರಳಿಟ್ಟು ಹೇಳುತ್ತಿದ್ದಳು. ಆ ಗೋಡೆಯನ್ನು ಓದಲು ನನಗೆ ಯಾವ ಪ್ರೊಫೆಸರೂ ಕಲಿಸಬೇಕಾಗಿರಲಿಲ್ಲ. ಕೌಂಟರಿನ ಈ ಕಡೆ ನಿಂತ ಮೇಲೆ ಗೀಟು ಅಂದರೆ ರೋಮ್ ಒಂದೇ ನೆನಪಾಗುವಂತಾಯಿತೇ?

ತಪ್ಪು ತಿಳಿಯಬೇಡಿ, ಡಿಗ್ರಿಯನ್ನು ನಾನು ಹಳಿಯುತ್ತಿಲ್ಲ. ಬೆವರು ಹರಿಸಿ ತಂದದ್ದನ್ನು ಹಳಿಯುವುದು ನಮ್ಮಂಥವರಿಗೆ ಒಪ್ಪುವ ಮಾತಲ್ಲ. ಆದರೆ ನೋಡಿ, ಮಸಿ ಬೇರೆ, ಗೀಟು ಸೊಟ್ಟ, ಅಷ್ಟು ಬಹಿರಂಗವಾಗಿ ಯಾರಾದರೂ ಮೋಸ ಮಾಡುತ್ತಾರೆಯೇ? ‘ಸೊಲ್ಪ ನಮ್ಮಾಕಿ ಬರದಾಳ್ರಿ’ ಅಂತ ಆತ ಹೆಮ್ಮೆಯಿಂದ ಹೇಳಿದಾಗ, ಏನು ಬರೆದಳಪ್ಪಾ ಅಂತ ಒಂದು ಮಾತು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಔಷಧಿ ಕೊಡಲು ಚೀಟಿ ಬೇಕು. ಚೀಟಿ ಇದ್ದದ್ದು ಠಾಣೆಯಲ್ಲಿ. ನಾನೂ ದುರುಗಮ್ಮನೂ ಠಾಣೆಗೆ ಹೋದೆವು.

ಹೆಡ್ ಕಾನ್‌ಸ್ಟೇಬಲ್ಲರು ಹುಲುಗಪ್ಪನಿಗೆ ಚಹಾ ಕೊಡಿಸಿದ್ದರು. ಬೈದಿರಲಿಲ್ಲ, ಹೊಡೆದಿರಲಿಲ್ಲ. ಆತ ಬೆಂಚಿನ ಮೇಲೆ ಕೂತೇ ನಿದ್ದೆ ಹೋಗಿದ್ದ. ಎರಡು ವಾರದಿಂದ ಗಂಡ ಹೆಂಡತಿ ಸರದಿಯ ಮೇಲೆ ಮಗುವನ್ನು ಕಾಯುತ್ತಿದ್ದರಂತೆ. ಕೆಂಪು ಕಣ್ಣಿನ ಗುಟ್ಟು ಅದು. ಹೆಂಡತಿಯ ದನಿ ಕೇಳಿ ಎದ್ದವನೇ ಶುರುಮಾಡಿದ.

“ಚೀಟಿ ಮ್ಯಾಲ ಗೀಚಬ್ಯಾಡ ಅಂತ ಬಡಕೊಂಡೆ. ಕೇಳಿದೇನು?”

“ನಿನ್ನ ಹಣಿ ಮ್ಯಾಲ ಗೀಚಬೇಕಿತ್ತೇನು ಮತ್ತ?” ಅಂದಳು ದುರುಗಮ್ಮ.

ಹೆಡ್ ಕಾನ್‌ಸ್ಟೇಬಲ್ಲರು ನಗಲಿಲ್ಲ. ಚೀಟಿಯನ್ನು ಮೇಜಿನ ಮೇಲೆ ಹರಡಿ, ಮೊದಲನೆಯ ಕಪ್ಪು ಗೀಟಿನ ಮೇಲೆ ಬೆರಳಿಟ್ಟು, ಅವರ ತೆಲುಗು ಬೆರೆತ ಕನ್ನಡದಲ್ಲಿ, “ಇದೇಮಮ್ಮಾ?” ಅಂದರು. ಇದೇನಮ್ಮಾ ಅಂತ.

ದುರುಗಮ್ಮ ಓದಿದಳು. ಓದಿದಳು ಅಂತಲೇ ಬರೆಯುತ್ತೇನೆ. ಇದು ಊರಿಗೆ ಮುಟ್ಟಿದ ಮರುದಿನ, ಹಿಟ್ಟು ಬೀಸುವಾಗ. ಇದು ಕಾಲುವೆ ದಂಡೆಯ ಮೇಲೆ, ನೀರಿಗೆ ಬೀಳುತ್ತಿದ್ದಳು, ಪಕ್ಕದ ಮನೆಯಾಕೆ ಎಳೆದುಕೊಂಡಳು. ಈ ಎರಡು ಹತ್ತಿರ ಹತ್ತಿರ ಇದ್ದಾವಲ್ಲ, ಒಂದೇ ದಿನದವು. ಇದರ ಆಚೆಗೆ ಸ್ವಲ್ಪ ಜಾಗ ಬಿಟ್ಟೀನಿ, ನಾಲ್ಕು ದಿನ ಬರಲೇ ಇಲ್ಲ, ನಾವು ಗುಣವಾಯಿತು ಅಂದುಕೊಂಡೆವು. ಈ ದಪ್ಪನೆಯದು ಬಹಳ ಹೊತ್ತು ಇತ್ತು. ಈ ಸೊಟ್ಟನೆಯದು ಯಾಕೆ ಸೊಟ್ಟ ಅಂದರೆ ನನ್ನ ಕೈ ನಡುಗುತ್ತಿತ್ತು.

ಒಂಬತ್ತನ್ನೂ ಹೇಳಿದಳು. ಒಂದು ಸಲವೂ ತಡವರಿಸಲಿಲ್ಲ. ಹೆಡ್ ಕಾನ್‌ಸ್ಟೇಬಲ್ಲರು ಎಡದಿಂದ ಕೇಳಿದರು, ಬಲದಿಂದ ಕೇಳಿದರು, ನಡುವಿನದೊಂದನ್ನು ತೋರಿಸಿ ಮತ್ತೆ ಕೇಳಿದರು. ಅದೇ ಉತ್ತರ ಬಂತು. ನಾನು ಒಂದು ಪುಟ ಇಂಗ್ಲಿಷಿನಲ್ಲಿ ಬರೆದದ್ದನ್ನು ಅವರು ಒಂದೇ ಒಂದು ಮಾತಿನಲ್ಲಿ ಬಿಡಿಸಿದರು.

ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ಕಾಗದ ಡೈರಿಗೆ ಏರಿಬಿಟ್ಟಿದೆ, ಇಳಿಸಬೇಕಾದರೆ ನೀವೇ ಬರೆದುಕೊಡಬೇಕು ಅಂದರು. ಬರೆದುಕೊಟ್ಟೆ. ಈ ಸಲ ಕನ್ನಡದಲ್ಲಿ ಬರೆದೆ, ಓದಿ ಹೇಳಿದರೆ ಹುಲುಗಪ್ಪನಿಗೂ ತಿಳಿಯಲಿ ಅಂತ. ನಾಲ್ಕೇ ಸಾಲು. ಸಹಿ ಹಾಕಿದೆ. ಪಕ್ಕದಲ್ಲಿ ಬಿ.ಎಸ್ಸಿ. ಹಾಕಲಿಲ್ಲ. ಮರೆತೆ ಅಂತೇನಲ್ಲ.

ಅಂಗಡಿಗೆ ಬಂದು ನೀಲಿ ಗೀಟಿನ ಲೆಕ್ಕಕ್ಕೆ ಎರಡು ಔನ್ಸ್ ಅಳೆದು ಕೊಟ್ಟೆ. ಅಲ್ಲೇ ಮಗುವನ್ನು ಎಬ್ಬಿಸಿ ಒಂದು ಹೊತ್ತಿನದು ಕುಡಿಸಿದರು. ಕಹಿಗೆ ಮುಖ ಕಿವುಚಿ ಆ ಹುಡುಗಿ ನನ್ನನ್ನು ನೋಡಿದ ನೋಟಕ್ಕೆ ನಾನು ತಕ್ಕವನೇ ಆಗಿದ್ದೆ.

ದುರುಗಮ್ಮ ಚೀಟಿಯನ್ನು ಕೌಂಟರಿನ ಮೇಲೆ ಇಟ್ಟಳು. ಇವತ್ತಿನದು ಹಾಕಬೇಕು ಅಂದಳು. ನಾನು ಲೇಖನಿಯನ್ನು ಮಸಿಯಲ್ಲಿ ಅದ್ದಿ ಕೊಟ್ಟೆ. ಆಕೆ ಅದನ್ನು ಮುಟ್ಟಲಿಲ್ಲ. “ಅದು ನನಗ ಬರಂಗಿಲ್ರಿ. ನೀವ ಹಾಕ್ರಿ, ಓದಿದವರು.”

ಹಾಕಿದೆ. ಒಂದು ಗೀಟು. ಅಷ್ಟು ಕಷ್ಟದ ಅಕ್ಷರವನ್ನು ನಾನು ಯಾವ ಪರೀಕ್ಷೆಯಲ್ಲೂ ಬರೆದಿಲ್ಲ.

ಭಾನುವಾರ ಸಿರುಗುಪ್ಪಕ್ಕೆ ಹೋಗಿ ಡಾಕ್ಟರನ್ನು ಕಂಡೆ. ಹುಲುಗಪ್ಪ ಶುಕ್ರವಾರವೇ ಅವರಿಗೆ ಚೀಟಿ ತೋರಿಸಿ ಹೋಗಿದ್ದ. ಡಾಕ್ಟರಿಗೆ ಖುಷಿಯೋ ಖುಷಿ. ಬೆಳಿಗ್ಗೆಯೊಂದರಲ್ಲೇ ಎರಡು ಸಲ ಬರುತ್ತಿದ್ದದ್ದು ಎರಡು ವಾರಕ್ಕೆ ಒಂಬತ್ತಕ್ಕೆ ಇಳಿದಿದೆ, ಔಷಧಿ ಹಿಡಿಯುತ್ತಿದೆ. ಓದು ಬರಹ ಬಲ್ಲ ಮನೆಯವರೂ ತನಗೆ ಇಷ್ಟು ಅಚ್ಚುಕಟ್ಟಾದ ಲೆಕ್ಕ ತಂದುಕೊಟ್ಟಿಲ್ಲ ಅಂದರು. ಹಾಗೇ ಕೇಳಿದರು: ಹತ್ತನೆಯದು ಮಾತ್ರ ನೀಲಿ ಮಸಿಯಲ್ಲಿದೆಯಲ್ಲ, ಅದೇನು?

ಹೇಳಿದೆ. ಔಷಧಿ ಮುಗಿದದ್ದು ಬುಧವಾರ ಬೆಳಿಗ್ಗೆ. ಚೀಟಿ ನನ್ನ ಕೈಗೆ ಬಂದದ್ದು ಗುರುವಾರ ಹತ್ತಕ್ಕೆ. ಬಸ್ ಸ್ಟ್ಯಾಂಡಿನಲ್ಲಿ ಮಗು ಬಿದ್ದದ್ದು ಒಂದರ ಸುಮಾರಿಗೆ. ಹತ್ತಕ್ಕೇ ಔಷಧಿ ಹೊಟ್ಟೆಗೆ ಬಿದ್ದಿದ್ದರೆ ಅದು ತಪ್ಪುತ್ತಿತ್ತೇ ಅಂತ ಕೇಳಿದೆ. ಡಾಕ್ಟರು ಮುಂದಿನ ರೋಗಿಯನ್ನು ಕರೆದರು.

ಸರ್ಕ್ಯುಲರ್ ನಮ್ಮ ಗೋಡೆಯ ಮೇಲೆ ಇನ್ನೂ ಇದೆ. ಕಿತ್ತುಹಾಕುವುದಿಲ್ಲ. ಅದರ ಮೂರು ಮಾತಿನ ಮೇಲೆ ನಾಲ್ಕನೆಯದೊಂದನ್ನು ನನ್ನ ಕೈಯಿಂದ ಬರೆದು ಅಂಟಿಸಿದ್ದೇನೆ: ‘ಮೊದಲು, ಇದೇನು ಅಂತ ಕೇಳಿ.’ ಚೀಟಿಯಲ್ಲಿ ಅನುಮಾನವಿಲ್ಲದ ಭಾಗದಷ್ಟು ಔಷಧಿಯನ್ನಾದರೂ ಕೊಡಲು ಬಿಡಿ, ಬರೆದ ಡಾಕ್ಟರನ್ನು ವಿಚಾರಿಸಿದ ಮೇಲೆ ಠಾಣೆಗೆ ಬರೆಯಲು ಬಿಡಿ ಅಂತ ಕಚೇರಿಗೂ ಕಾಗದ ಹಾಕಿದ್ದೇನೆ. ಉತ್ತರ ಬಂದಿಲ್ಲ. ಕೇಳುವುದಕ್ಕೆ ಎಷ್ಟು ಹೊತ್ತು ಬೇಕು ಸ್ವಾಮಿ? ಠಾಣೆ ನಾಲ್ಕು ಅಂಗಡಿ ಆಚೆಗಿತ್ತು. ಹುಲುಗಪ್ಪ ನನ್ನ ಎದುರಿಗೇ ನಿಂತಿದ್ದ.

ಅನುಮಾನ ಬಂದರೆ ಬರೆದು ತಿಳಿಸಬೇಕು ಅನ್ನುತ್ತದೆ ಕಾಯ್ದೆ; ಆ ಹತ್ತನೆಯ ಗೀಟಿನ ಬಗ್ಗೆ ನಾನು ಯಾರಿಗೆ ಬರೆಯಲಿ?